ಕಲ್ಲು ಖಾಲಿ ಇತ್ತು

ಇಪ್ಪತ್ತೆರಡು ವರ್ಷ ನಾನು ಮಕ್ಕಳ ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್ ಆಗಿದ್ದೆ. ಅಡಿವೆಪ್ಪ ಕ್ಲಾರ್ಕ್ ಎಂದರೆ ನಮ್ಮ ಊರಿನ ಅರ್ಧ ಜನಕ್ಕೆ ಮೊದಲೇ ಗೊತ್ತಿತ್ತು, ಉಳಿದರ್ಧ ಜನಕ್ಕೆ ಆ ಗುರುವಾರದ ಮೇಲೆ ಗೊತ್ತಾಯಿತು. ಅವತ್ತು ನಾನು ಮಾಡಿದ್ದು ಮರೆವೋ, ತಪ್ಪೋ, ಹೇಡಿತನವೋ ಎಂದು ಕೇಳಿದರೆ ಇವತ್ತಿಗೂ ನನ್ನಲ್ಲಿ ಸರಿಯಾದ ಉತ್ತರವಿಲ್ಲ. ನಡೆದದ್ದನ್ನಷ್ಟೇ ಹೇಳಬಲ್ಲೆ. ಅದನ್ನು ಹೇಳುವಾಗಲೂ ನಡುವೆ ಎಲ್ಲೋ ನನಗೇ ಗೊಂದಲವಾಗುತ್ತದೆ.

ನಮ್ಮ ಊರಿನಲ್ಲಿ ಮಕ್ಕಳ ಮಾತು, ನಗೆ, ಬಾಯಿಯ ಸದ್ದು ಯಾವುದೂ ಆಗಲೇ ಕೇಳಿಸುವುದಿಲ್ಲ, ಮರುದಿನ ಅದೇ ಹೊತ್ತಿಗೆ, ಅವರು ನಿಂತಿದ್ದ ಜಾಗದಲ್ಲಿಯೇ ಕೇಳಿಸುತ್ತದೆ. ಇದರಿಂದ ಯಾರಿಗೂ ಅಂಥ ತೊಂದರೆಯೇನೂ ಇಲ್ಲ. ಹಸಿವಾದರೆ ಮಗು ಹೊಟ್ಟೆ ಮುಟ್ಟಿ ತೋರಿಸುತ್ತದೆ, ಅಕ್ಷರ ಬಂದವು ಪಾಟಿಯ ಮೇಲೆ ಬರೆಯುತ್ತವೆ. ಶಾಲೆಯಲ್ಲಿ ಮಾಸ್ತರರು ಸೋಮವಾರ ಮಗ್ಗಿ ಕೇಳಿ ಮಂಗಳವಾರ ಮಾರ್ಕು ಹಾಕುತ್ತಾರೆ. ಬಸ್ಸಿನಲ್ಲಿ ಹರಟುತ್ತ ಹೋದ ಮಕ್ಕಳ ಮಾತು ಮರುದಿನ ರಸ್ತೆಯುದ್ದಕ್ಕೂ ತುಂಡುತುಂಡಾಗಿ ಕೇಳಿಸಿದರೆ ಡ್ರೈವರುಗಳು ತಿರುಗಿಯೂ ನೋಡುವುದಿಲ್ಲ. ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ದಿನ ಹಳೆಯ ಬಾಡಿಗೆದಾರರ ಮಕ್ಕಳ ಜಗಳ ಕೇಳಿಕೊಂಡೇ ಊಟ ಮಾಡುತ್ತಾರೆ. ಮಗ ನಿನ್ನೆ ಏನು ಹೇಳಿದನೆಂದು ತಿಳಿಯಬೇಕಾದ ತಾಯಿ ನಿನ್ನೆ ಅವನು ನಿಂತಿದ್ದ ಕಡೆ ಹೋಗಿ ನಿಂತುಕೊಳ್ಳುತ್ತಾಳೆ, ಕೈಯಲ್ಲಿ ಕಸಬರಿಗೆ ಇದ್ದರೆ ಇದ್ದಹಾಗೆಯೇ.

ಹದಿನಾಲ್ಕೋ ಹದಿನೈದೋ ಆದಾಗ ಒಂದು ದಿನ ಮಗು ಬಾಯಿ ತೆರೆದ ಕೂಡಲೇ ದನಿ ಕೇಳುತ್ತದೆ. ಅದಕ್ಕೆ ನಾವು ಮಾತು ಕೂಡುವುದು ಎನ್ನುತ್ತೇವೆ. ಮಾತು ಕೂಡಿದ್ದನ್ನು ಮೊದಲು ಕೇಳಿಸಿಕೊಂಡವರು, ಅವರು ಯಾರೇ ಇರಲಿ, ತಕ್ಷಣ ಆ ಬಾಯಿಗೆ ಒಂದು ಚೂರು ಬೆಲ್ಲ ಹಾಕಬೇಕು. ಬೆಲ್ಲ ಬಿದ್ದ ಬಾಯಿಯನ್ನು ಮರುದಿನದವರೆಗೆ ಯಾರೂ ಮಾತಾಡಿಸಬಾರದೆಂಬುದೂ ರೂಢಿ. ಎಲ್ಲಿ ಯಾವಾಗ ಕೂಡುತ್ತದೋ ಗೊತ್ತಿಲ್ಲವಾದ್ದರಿಂದ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಪೊಲೀಸ್ ಠಾಣೆಯಲ್ಲಿ ಕೂಡ ಬೆಲ್ಲದ ಡಬ್ಬಿ ಇರುತ್ತದೆ. ಮಾತು ಕೂಡಿದವರು ದೊಡ್ಡವರು. ಅವರು ತಪ್ಪು ಮಾಡಿದರೆ ದೊಡ್ಡ ಕೋರ್ಟು, ದೊಡ್ಡ ಜೈಲು. ಕೂಡದವರಿಗೆ ನಮ್ಮ ಮಕ್ಕಳ ಕೋರ್ಟು. ಜನನ ಪತ್ರ ನೋಡುವ ಪದ್ಧತಿಯೇ ನಮ್ಮಲ್ಲಿಲ್ಲ.

ಮಕ್ಕಳ ಕೋರ್ಟಿನಲ್ಲಿ ಕಟಕಟೆ ಇಲ್ಲ. ನ್ಯಾಯಾಧೀಶರ ಮೇಜಿನೆದುರಿಗೆ ನೆಲದಲ್ಲಿ ಒಂದು ಚೌಕದ ಕರಿಕಲ್ಲು ಇದೆ, ಮಗು ಅದರ ಮೇಲೆ ನಿಲ್ಲಬೇಕು. ಮೊದಲ ದಿನ ನ್ಯಾಯಾಧೀಶರು ಪ್ರಶ್ನೆ ಕೇಳುತ್ತಾರೆ, ಮಗುವಿನ ಬಾಯಿ ಅಲ್ಲಾಡುತ್ತದೆ, ಎಲ್ಲರೂ ಎದ್ದು ಹೋಗುತ್ತಾರೆ. ಮರುದಿನ ಅದೇ ಹೊತ್ತಿಗೆ ಕೋರ್ಟು ಕೂತು ಉತ್ತರ ಕೇಳುತ್ತದೆ. ಮಗುವನ್ನು ಕೇಳದೆ ಆರ್ಡರ್ ಮಾಡಬಾರದೆಂಬುದು ನಮ್ಮ ಕಾನೂನಿನ ಮೊದಲ ಸಾಲು. ಪಾಟಿಯ ಬರಹ ನಡೆಯುವುದಿಲ್ಲ, ಬರೆಯುವ ಕೈಯನ್ನು ಬೇರೆಯವರೂ ಹಿಡಿಯಬಹುದಲ್ಲ. ಹೀಗಾಗಿ ವಿಚಾರಣೆಯ ಹಿಂದಿನ ದಿನ ಆ ಕಲ್ಲಿನ ಮೇಲೆ ಬೇರೆ ಯಾವ ಮಗುವೂ ನಿಂತು ಮಾತಾಡಿರಬಾರದು. ನಿಂತಿಲ್ಲವೆಂದು ಬೆಂಚ್ ಕ್ಲಾರ್ಕ್ ಒಂದು ಚೀಟಿ ಬರೆದು ಸಹಿ ಮಾಡಿ ಫೈಲಿಗೆ ಹಾಕಬೇಕು. ‘ಕಲ್ಲು ಖಾಲಿ ಇತ್ತು’ ಎಂದು ಮೂರು ಶಬ್ದ. ಇಪ್ಪತ್ತೆರಡು ವರ್ಷದಲ್ಲಿ ಅಂಥ ಚೀಟಿ ಎಷ್ಟು ಬರೆದಿದ್ದೇನೋ, ಕೈಗೆ ರೂಢಿಯಾಗಿತ್ತು.

ಆ ಬುಧವಾರ ನಮ್ಮ ನ್ಯಾಯಾಧೀಶ ಮೇಡಂ ಯಾವುದೋ ಮೀಟಿಂಗಿಗೆ ಹೋಗಿದ್ದರು. ಕೇಸು ಯಾವುದೂ ಇರಲಿಲ್ಲ. ಶಾಲೆಗೆ ರಜೆ ಇದ್ದುದರಿಂದ ನನ್ನ ಮಗಳು ಮಹಾನಂದಾ ನನ್ನ ಊಟದ ಡಬ್ಬಿ ತಂದಿದ್ದಳು. ಆಗ ಅವಳಿಗೆ ಹನ್ನೆರಡು. ಡಬ್ಬಿ ತೆಗೆದು ನೋಡಿದರೆ ಎರಡು ಶೇಂಗಾ ಹೋಳಿಗೆ ಇರಬೇಕಾದಲ್ಲಿ ಒಂದೂವರೆ ಇತ್ತು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು, ಪೆನ್ನು ಹಿಡಿದು, ನ್ಯಾಯಾಧೀಶರು ಕೇಳುವ ಧಾಟಿಯಲ್ಲಿಯೇ, “ಈ ತಪ್ಪನ್ನು ನೀನು ಮಾಡಿದ್ದೀಯಾ?” ಎಂದು ಕೇಳಿದೆ. ಅವಳು ಓಡಿಹೋಗಿ ಕಲ್ಲಿನ ಮೇಲೆ ನಿಂತು, ಕೈಕಟ್ಟಿ, ತಲೆ ಬಗ್ಗಿಸಿ ಏನೋ ಹೇಳಿದಳು. ಆಮೇಲೆ ನಗು ತಡೆಯಲಾರದೆ ಬಾಯಿ ಮುಚ್ಚಿಕೊಂಡು ಪಡಸಾಲೆಗೆ ಓಡಿದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ನಲವತ್ತಾಗಿತ್ತು. ನಾನು ಒಂದೂವರೆ ಹೋಳಿಗೆ ತಿಂದೆ.

ಅದೇ ಸಂಜೆ ನಾಲ್ಕಕ್ಕೆ ಪೊಲೀಸರು ಒಬ್ಬ ಹುಡುಗಿಯನ್ನು ಕರೆತಂದರು. ಹೆಸರು ಹುಲಿಗೆವ್ವ, ಹದಿಮೂರರ ಆಸುಪಾಸು. ಬೀಡಾಡಿ ದನ ಕೂಡಿಹಾಕುವ ಸರಕಾರಿ ದೊಡ್ಡಿಯಲ್ಲಿ ಅವರ ಮನೆಯ ಎಮ್ಮೆ ಇತ್ತಂತೆ. ಅದನ್ನು ಬಿಡಿಸಿಕೊಳ್ಳಲು ಅವಳು ದೊಡ್ಡಿಯ ಬಾಗಿಲು ತೆಗೆದಳು, ಹದಿನಾರು ಎಮ್ಮೆ ಸಂತೆಗೆ ನುಗ್ಗಿದವು, ಕುಂಬಾರ ಗೂಳಪ್ಪ ಕೆಳಗೆ ಬಿದ್ದು ತುಳಿತಕ್ಕೆ ಸಿಕ್ಕಿ ತೀರಿಕೊಂಡ. ಇದು ಅವಳ ಮೇಲಿನ ಆರೋಪ. ಮೀಟಿಂಗಿನಿಂದ ಬಂದ ಮೇಡಂ ಮರುದಿನ ಹನ್ನೊಂದೂವರೆಗೆ ವಿಚಾರಣೆ ಇಟ್ಟರು. ನಾನು ಫೈಲು ಕಟ್ಟಿದೆ, ಚೀಟಿ ಬರೆದೆ, ಸಹಿ ಹಾಕಿದೆ. ಮಹಾನಂದಾ ನೆನಪಾಗಲೇ ಇಲ್ಲ ಎಂದರೆ ನೀವು ನಂಬಬೇಕು. ಸ್ವಂತ ಮಗಳು ಕಲ್ಲಿನ ಮೇಲೆ ನಿಂತದ್ದು ಆಟ, ಬೇರೆ ಮಗು ನಿಂತರೆ ಮಾತ್ರ ಅದು ಕೇಸು ಎಂದು ನನ್ನ ತಲೆ ತಿಳಿದಿತ್ತೋ ಏನೋ.

ಗುರುವಾರ ಹುಡುಗಿ ಕಲ್ಲಿನ ಮೇಲೆ ನಿಂತಳು. ಹಿಂದೆ ಅವಳ ತಾಯಿ ದ್ಯಾಮವ್ವ. ಸರಕಾರಿ ವಕೀಲರು ಕುಂದರಗಿಯವರು ಇದ್ದರು. ಹುಡುಗಿಯ ಪರವಾಗಿ ಒಬ್ಬ ವಕೀಲರನ್ನು ಕೊಟ್ಟಿದ್ದರೂ ಅವರು ಬಂದಿರಲಿಲ್ಲ. ಮೊದಲ ದಿನ ಹೇಗೂ ಮಾತೇ ಇರುವುದಿಲ್ಲವೆಂದು ಹಾಗೆ ಕೊಟ್ಟ ವಕೀಲರು ಯಾರೂ ಬರುತ್ತಿರಲಿಲ್ಲ, ಅದೂ ರೂಢಿಯೇ. ಮೇಡಂ ಬೇರೆ ಸೀಮೆಯವರು, ನಮ್ಮ ಊರಿಗೆ ಬಂದು ಎಂಟು ತಿಂಗಳಾಗಿತ್ತು. ಅವರು ಆರೋಪವನ್ನು ನಿಧಾನವಾಗಿ ಓದಿ ಹೇಳಿದರು. ಹೆಸರು ಕೇಳಿದರು. ಹುಡುಗಿಯ ಬಾಯಿ ಅಲ್ಲಾಡಿತು, ದನಿ ಇಲ್ಲ. ಎಲ್ಲ ಸರಿಯಾಗಿಯೇ ಇತ್ತು.

“ಈ ತಪ್ಪನ್ನು ನೀನು ಮಾಡಿದ್ದೀಯಾ?”

“ಹೌದ್ರಿ, ನಾನ ಮಾಡೀನ್ರಿ. ತಪ್ಪಾತ್ರಿ.”

ಕಲ್ಲಿನ ಮೇಲಿನಿಂದಲೇ ಬಂತು, ತಿಳಿಯಾದ ಹೆಣ್ಣುಮಗುವಿನ ದನಿ. ಮೊದಲು ಎದ್ದವರು ಕುಂದರಗಿ.

“ಮೇಡಂ, ಹುಡುಗಿ ಮಾತು ಕೂಡ್ತು! ಈಗಿಂದೀಗ, ನಮ್ಮ ಕಣ್ಣ ಮುಂದ!”

“ಹೆಸರು ಕೇಳಿದಾಗ ದನಿ ಬರಲಿಲ್ಲವಲ್ಲ?” ಎಂದರು ಮೇಡಂ.

“ಆಗ ಕೂಡಿದ್ದಿಲ್ರಿ, ಈಗ ಕೂಡೇತಿ. ನಂದೂ ಹಿಂಗ, ಊಟಕ್ಕ ಕುಂತಿದ್ದೆ, ಅರ್ಧಾ ಉಂಡಿದ್ದೆ ಅರ್ಧಾ ಬಿಟ್ಟಿದ್ದೆ, ಕೂಡಿಬಿಡ್ತು.”

ಅಷ್ಟರಲ್ಲಿ ಜವಾನ ಯಮನಪ್ಪ ರೂಢಿಯಂತೆ ಬೆಲ್ಲದ ಡಬ್ಬಿ ತೆಗೆದುಕೊಂಡು ಓಡಿಬಂದ. ದ್ಯಾಮವ್ವ ಎರಡೂ ಕೈ ಮೇಲೆತ್ತಿ, “ಯವ್ವಾ, ನನ್ನ ಮಗಳ ಮಾತು ಕೂಡ್ತವ್ವಾ” ಎಂದು ಅಳತೊಡಗಿದಳು. ಹುಡುಗಿ ಮಾತ್ರ ಏನೇನೋ ಹೇಳುತ್ತಿದ್ದಳು. ಬಾಯಿ ಅಗಲವಾಗಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಕತ್ತಿನ ನರ ಉಬ್ಬಿತ್ತು. ದನಿ ಬರುತ್ತಿರಲಿಲ್ಲ. ಆ ಗದ್ದಲದಲ್ಲಿ ಅದು ಯಾರಿಗೂ ಕಾಣಲಿಲ್ಲ. ಅಥವಾ ಕಂಡರೂ, ಮಕ್ಕಳ ಬಾಯಿ ಸುಮ್ಮನೆ ಅಲ್ಲಾಡುವುದನ್ನು ಜನ್ಮವಿಡೀ ನೋಡಿದವರಿಗೆ ಅದೊಂದು ವಿಷಯ ಅನಿಸಲಿಲ್ಲ. ಅವಳು ತಾಯಿಯ ಕಡೆ ತಿರುಗಿದಳು, ಆಮೇಲೆ ಬರೆಯಲು ಪೆನ್ನು ಎತ್ತಿದ್ದ ನನ್ನ ಕಡೆ ತಿರುಗಿದಳು. ನನ್ನನ್ನೇ ನೋಡುತ್ತಿದ್ದಾಗ ಯಮನಪ್ಪ ಅವಳ ಬಾಯಿಗೆ ಬೆಲ್ಲ ತುಂಬಿದ.

ಆಗಲೇ ಹೊರಗೆ ಪಡಸಾಲೆಯಲ್ಲಿ ಒಂದು ಹುಡುಗಿ ಕಿಲಕಿಲನೆ ನಕ್ಕದ್ದು ಕೇಳಿಸಿತು. ಅಲ್ಲಿ ಯಾರೂ ಇರಲಿಲ್ಲ. ಆ ನಗೆ ನನ್ನ ಮನೆಯದು.

“ಕ್ಲಾರ್ಕ್, ಬರೆದುಕೊಳ್ಳಿ” ಎಂದರು ಮೇಡಂ. “ಮಾತು ಕೂಡಿದೆ. ತಪ್ಪು ಒಪ್ಪಿಕೊಂಡಿದ್ದಾಳೆ.”

ನಾನು ಬರೆದೆ. ನಿಲ್ಲಿಸಿ ಎಂದು ಹೇಳಬೇಕೆಂದುಕೊಂಡೆ. ಅದು ನಿಜವಾಗಿಯೂ ಮಹಾನಂದಾಳ ದನಿಯೇ ಎಂದು ನನ್ನನ್ನೇ ಕೇಳಿಕೊಂಡೆ. ಹೌದಾದರೆ ಚೀಟಿಯ ಮೇಲಿನ ಸಹಿ ಯಾರದು ಎಂದು ಕೇಳಿಕೊಂಡೆ. ಹಾಗೆ ಕೇಳಿಕೊಳ್ಳುತ್ತ ಕೇಳಿಕೊಳ್ಳುತ್ತ ಪುಟ ತುಂಬಿತು, ಮೇಡಂ ಸಹಿ ಹಾಕಿದರು. ಹುಡುಗಿ ಇನ್ನು ದೊಡ್ಡವಳು, ದೊಡ್ಡ ಕೋರ್ಟಿಗೆ ಒಪ್ಪಿಸುವುದು, ಶುಕ್ರವಾರ ಹನ್ನೆರಡರ ವ್ಯಾನಿನಲ್ಲಿ ದೊಡ್ಡ ಜೈಲಿಗೆ ಕಳಿಸುವುದು. ಆರ್ಡರನ್ನು ಓದಿ ಹೇಳಿದಾಗ ದ್ಯಾಮವ್ವನಿಗೆ ಅಳು ನಿಂತುಹೋಯಿತು. ಅವಳ ಕೈಯಲ್ಲಿ ಯಮನಪ್ಪ ಕೊಟ್ಟ ಬೆಲ್ಲದ ಚೂರು ಇನ್ನೂ ಇತ್ತು. ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ, “ಕ್ಲಾರ್ಕ್ ಅಣ್ಣಾರ, ಆ ದನಿ ನಮ್ಮ ಹುಲಿಗೀದು ಅನ್ನಸ್ಲಿಲ್ರಿ ನನಗ” ಎಂದಳು. ಪಕ್ಕದಲ್ಲಿದ್ದ ಕುಂದರಗಿ, “ಕೂಡಿದ ಮ್ಯಾಲ ದನಿ ಸ್ವಲ್ಪ ಬದಲಾಗ್ತೈತಿ ಬಿಡವ್ವಾ, ಎಲ್ಲಾರದೂ ಹಂಗ” ಎಂದರು. ಅವಳು ನನ್ನ ಮುಖ ನೋಡಿದಳು. ನಾನು ಮಸಿಯ ದವತಿಯ ಮುಚ್ಚಳ ಹುಡುಕುತ್ತಿದ್ದೆ.

ಮನೆಗೆ ಬಂದವನೇ ಮಹಾನಂದಾಳ ಕೈಗೆ ಪಾಟಿ ಕೊಟ್ಟು, ನಿನ್ನೆ ಕಲ್ಲಿನ ಮೇಲೆ ಏನು ಹೇಳಿದೆ ಎಂದು ಕೇಳಿದೆ. ಅವಳು ಬರೆದಳು: ‘ನಾನ ಮಾಡೀನಿ, ತಪ್ಪಾತು ಅಂದೆ. ಹೋಳಿಗಿ ಮಾತು ಅವ್ವಗ ಹೇಳಬ್ಯಾಡ.’ ಅದನ್ನು ಅಳಿಸಿ ಪಾಟಿಯನ್ನು ಅವಳಿಗೇ ಕೊಟ್ಟೆ. ನನ್ನ ನೌಕರಿ, ಪಿಂಚಣಿ, ಮಾನ, ಎಲ್ಲವೂ ಆ ಮೂರು ಶಬ್ದದ ಚೀಟಿಯಲ್ಲಿದ್ದವು. ಹುಲಿಗೆವ್ವ ಏನು ಹೇಳಿದಳೋ ಅದು ನಾಳೆ ಹನ್ನೊಂದೂ ನಲವತ್ತಕ್ಕೆ ಖಾಲಿ ಕೋರ್ಟಿನಲ್ಲಿ ಬಂದು ಹೋಗುತ್ತದೆ. ಒಮ್ಮೆ ಬಂದು ಹೋದ ಮಾತು ಮತ್ತೆ ಬರುವುದಿಲ್ಲ. ಅವಳು ಏನೂ ಹೇಳಿರದಿದ್ದರೆ? ಅವಳೂ ಹೌದು ಎಂದೇ ಹೇಳಿದ್ದರೆ? ನಾನು ಸುಮ್ಮನೆ ಬಾಯಿಬಿಟ್ಟು ಕೆಡುತ್ತೇನೆ. ಹೀಗೆಲ್ಲ ಲೆಕ್ಕ ಹಾಕಿದ್ದನ್ನು ಮುಚ್ಚಿಡುವುದಿಲ್ಲ, ನಾಚಿಕೆಯಾದರೂ ಹೇಳುತ್ತಿದ್ದೇನೆ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮೇಡಂ ಕೋಣೆಗೆ ಹೋಗಿ ನಿಂತೆ. “ಮೇಡಮ್ರೀ, ನಿನ್ನೆ ಹೌದು ಅಂದ ದನಿ ನನ್ನ ಮಗಳದ್ರಿ. ಬುಧವಾರ ಆಕಿ ಕಲ್ಲಿನ ಮ್ಯಾಲ ನಿಂತಿದ್ಲು. ಚೀಟಿ ನಾ ಸುಳ್ಳ ಬರದೀನ್ರಿ” ಎಂದೆ.

ಅವರಿಗೆ ಮೊದಲು ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಿದೆ. ಆಮೇಲೆ ಮೇಜಿನ ಮೇಲಿನ ಫೈಲು ಬಿಚ್ಚಿ ನನ್ನ ಚೀಟಿ ಓದಿದರು.

“ಆರ್ಡರಿಗೆ ಸಹಿ ಆಗಿದೆ, ಅಡಿವೆಪ್ಪನವರೇ. ಸಹಿ ಆದ ಮೇಲೆ ಅದು ನನ್ನ ಕೈಯಲ್ಲಿಲ್ಲ. ಅವಳು ಮೇಲಿನ ಕೋರ್ಟಿಗೆ ಹೋಗಬೇಕು.”

“ಮ್ಯಾಲಿನ ಕೋರ್ಟಿಗೆ ಹೋಗೂದ್ರಾಗ ಆಕಿ ಮಾತು ಬಂದು ಹೋಗಿರ್ತೈತ್ರಿ.”

“ಹಾಗಾದರೆ ನಾನು ಆ ಹುಡುಗಿಯನ್ನು ಕೇಳದೆಯೇ ಆರ್ಡರ್ ಮಾಡಿದೆನಾ?”

“ಕೇಳಿದ್ರಿ ಮೇಡಮ್ರೀ. ಆದ್ರ ಬ್ಯಾರೆ ಹುಡುಗೀನ್ನ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನನಗೆ ನಾಲ್ಕು ವರ್ಷದ ಮಗ ಇದ್ದಾನೆ. ನಿನ್ನೆ ನಾನು ಹೊರಡುವಾಗ ಬಾಗಿಲಲ್ಲಿ ನಿಂತು ಏನೋ ಹೇಳಿದ. ಇವತ್ತು ಅದು ಕೇಳಿಸುವ ಮೊದಲೇ ನಾನು ಬಾಗಿಲು ದಾಟಿ ಇಲ್ಲಿಗೆ ಹೊರಟಿದ್ದೆ. ಎಂಟು ತಿಂಗಳಿಂದ ಹೀಗೆಯೇ ಆಗಿದೆ. ನಿಮ್ಮ ಊರು ನನಗೆ ಅರ್ಥವಾಗುವುದಿಲ್ಲ, ಅಡಿವೆಪ್ಪನವರೇ” ಎಂದರು. ಹುಟ್ಟಿದಾಗಿನಿಂದ ಇಲ್ಲಿದ್ದರೂ ನನಗೂ ಅರ್ಥವಾಗಿಲ್ಲ ಎನ್ನಬೇಕೆನಿಸಿತು. ಕೊನೆಗೆ ಅವರೇ, “ಹನ್ನೊಂದೂವರೆಗೆ ಎಲ್ಲರನ್ನೂ ಕರೆಸಿ. ಏನೂ ಕೇಳಿಸದಿದ್ದರೆ ವ್ಯಾನು ಹೋಗುತ್ತದೆ, ನಿಮ್ಮ ಮೇಲೆ ಬೇರೆ ಕೇಸು ಆಗುತ್ತದೆ” ಎಂದರು.

ಕುಂದರಗಿಯವರು ಬಂದು ಹಾರಾಡಿದರು. ಆರ್ಡರ್ ಆದ ಮೇಲೆ ಕೋರ್ಟು ಕೂತು ದನಿ ಕೇಳುವುದಕ್ಕೆ ಯಾವ ಕಾನೂನಿನಲ್ಲಿ ಅವಕಾಶವಿದೆ ಎಂದರು. “ಕೋರ್ಟು ಕೂತಿಲ್ಲ, ನಾನು ಕೂತಿದ್ದೇನೆ. ನೀವೂ ಕೂತುಕೊಳ್ಳಿ” ಎಂದರು ಮೇಡಂ. ಹುಲಿಗೆವ್ವನನ್ನು ಮಹಿಳಾ ಪೊಲೀಸರು ಗೋಡೆಯ ಬದಿಯ ಬೆಂಚಿನ ಮೇಲೆ ಕೂರಿಸಿದರು. ಅವಳ ಬಟ್ಟೆಯ ಗಂಟು ಅವಳ ಮಡಿಲಲ್ಲಿತ್ತು. ದ್ಯಾಮವ್ವ ಅವಳಿಗೆ ಒತ್ತಿ ಕೂತಳು. ಹೊರಗೆ ವ್ಯಾನಿನ ಇಂಜಿನ್ ಶುರುವಾಗಿತ್ತು, ಯಮನಪ್ಪ ಹೋಗಿ ನಿಲ್ಲಿಸಿ ಬಂದ. ಎಲ್ಲರೂ ಖಾಲಿ ಕಲ್ಲನ್ನು ನೋಡುತ್ತ ಕೂತೆವು.

ಗಡಿಯಾರದ ಮುಳ್ಳು ನಲವತ್ತರ ಹತ್ತಿರ ಬಂದಾಗ ಕಲ್ಲಿನ ಮೇಲಿನಿಂದ ಸಣ್ಣ ದನಿ ಬಂತು.

“ಹುಲಿಗೆವ್ವ ರೀ.”

ತುಸು ಒರಟು ದನಿ, ನಿನ್ನೆಯ ದನಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ದ್ಯಾಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮತ್ತೆ ಸ್ವಲ್ಪ ಹೊತ್ತು ಏನೂ ಇಲ್ಲ, ಮೇಡಂ ಪ್ರಶ್ನೆ ಕೇಳಿದಷ್ಟು ಹೊತ್ತು. ಆಮೇಲೆ ಬಂತು.

“ಇಲ್ರೀ, ನಾ ತಗದಿಲ್ರೀ, ಬಾಗಲಾ ಮದ್ಲ... ಯಾರದು? ಯಾರ ಮಾತಾಡಿದ್ರು? ಅದು ನಾ ಅಲ್ರೀ! ನಾ ಹಂಗ ಅಂದಿಲ್ರೀ! ಅವ್ವಾ, ನಿನಗ ನನ್ನ ದನಿ ಗೊತ್ತಿಲ್ಲೇನ? ಅವ್ವಾ, ಯಾಕ ಅಳ್ತಿ, ಅವರಿಗೆ ಹೇಳವ್ವಾ! ಕಾಕಾ, ಬರೀಬ್ಯಾಡ್ರಿ. ಕಾಕಾ, ಇಲ್ಲಿ ನೋಡ್ರಿ. ನೀವು ನನ್ನ ನೋಡಾಕತ್ತೀರಿ ಕಾಕಾ, ನಿಮಗ ಗೊತ್ತಾಗೇತಿ, ಬರೀಬ್ಯಾಡ್ರಿ, ಬರೀ...”

ಅಲ್ಲಿಗೆ ಬಾಯಿಗೆ ಬೆಲ್ಲ ಬಿತ್ತು. ಬೆಲ್ಲದ ಒಳಗಿನಿಂದಲೂ ಅವಳು ಏನೋ ಹೇಳುತ್ತಲೇ ಇದ್ದಳು, ಅದು ಶಬ್ದವಾಗಿ ಹೊರಬರಲಿಲ್ಲ. ಉಸಿರುಗಟ್ಟಿದ ಹಾಗೆ ಒಂದೆರಡು ಸಲ ಕೇಳಿಸಿತು. ಆಮೇಲೆ ಅಗಿಯುವ ಸದ್ದು. ಅಷ್ಟೆ.

ಯಮನಪ್ಪ ತನ್ನ ಬಲಗೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದ, ನಿನ್ನೆಯ ಬೆಲ್ಲ ಇವತ್ತೂ ಅಂಟಿದೆಯೋ ಎನ್ನುವ ಹಾಗೆ. ನಾನು ಹುಡುಗಿಯ ಕಡೆ ನೋಡಿದೆ. ಅವಳು ತನ್ನದೇ ಮಾತನ್ನು ನಮ್ಮ ಹಾಗೆಯೇ ಕೇಳಿಸಿಕೊಂಡು, ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ಕೂತಿದ್ದಳು.

“ಕ್ಲಾರ್ಕ್, ಬರೆದುಕೊಳ್ಳಿ” ಎಂದರು ಮೇಡಂ. “ಒಂದಕ್ಷರ ಬಿಡಬೇಡಿ.”

ಹುಲಿಗೆವ್ವ ರೀ ಎಂಬಲ್ಲಿಂದ ಶುರುಮಾಡಿದೆ. ಬರೀಬ್ಯಾಡ್ರಿ ಎಂಬುದನ್ನು ಮೂರು ಸಲ ಬರೆಯಬೇಕಾಯಿತು, ಮೂರನೆಯದು ಅರ್ಧ. ನಿಮಗ ಗೊತ್ತಾಗೇತಿ ಎಂಬುದನ್ನೂ ಬರೆದೆ. ಆ ಪುಟದ ಕೆಳಗೆ ನನ್ನ ಹೇಳಿಕೆಯನ್ನೂ ನಾನೇ ಬರೆದೆ, ಕಲ್ಲು ಖಾಲಿ ಇರಲಿಲ್ಲವೆಂದು. ಮೇಡಂ ಹಿಂದಿನ ಆರ್ಡರನ್ನು ಹಿಂತೆಗೆದುಕೊಂಡರು. ಹಾಗೆ ಹಿಂತೆಗೆದುಕೊಳ್ಳುವ ಅಧಿಕಾರ ಅವರಿಗೆ ಇತ್ತೋ ಇಲ್ಲವೋ ಎಂದು ಕುಂದರಗಿಯವರು ಈಗಲೂ ಚಹಾದ ಅಂಗಡಿಯಲ್ಲಿ ವಾದ ಮಾಡುತ್ತಾರೆ. ವ್ಯಾನು ಖಾಲಿ ಹೋಯಿತು. ಹುಡುಗಿ ತಾಯಿಯ ಜೊತೆ ಮನೆಗೆ ಹೋದಳು. ಕೇಸನ್ನು ಮೊದಲಿನಿಂದ, ಅವಳ ವಕೀಲರ ಎದುರಿಗೇ ಕೇಳಿದರು. ದೊಡ್ಡಿಯ ಬಾಗಿಲಿನ ಚಿಲಕ ಮುರಿದು ತಿಂಗಳಾಗಿತ್ತು, ಹಗ್ಗ ಕಟ್ಟಿದ್ದರು, ಅವಳು ಹೋಗುವ ಮೊದಲೇ ಹಗ್ಗ ಹರಿದಿತ್ತು ಎಂಬುದು ಗೊತ್ತಾಗಲು ನಾಲ್ಕು ತಿಂಗಳು ಹಿಡಿಯಿತು. ಅವಳನ್ನು ಬಿಟ್ಟರು. ಗೂಳಪ್ಪನ ಸಾವಿಗೆ ಯಾರು ಹೊಣೆ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ನನ್ನನ್ನು ಆರು ತಿಂಗಳು ಮನೆಯಲ್ಲಿ ಕೂರಿಸಿ, ಆಮೇಲೆ ನಕಲು ಮಾಡುವ ವಿಭಾಗಕ್ಕೆ ಹಾಕಿದರು. ಅಲ್ಲಿ ಮಕ್ಕಳು ಬರುವುದಿಲ್ಲ. ಕೂತು ಬರೆಯುವಾಗ ಯೋಚಿಸುತ್ತೇನೆ. ಗುರುವಾರ ಆ ಹುಡುಗಿ ನನ್ನನ್ನು ನೋಡಿದಾಗ, ಅವಳ ತುಟಿಯನ್ನು ನಾನು ನೋಡಿದಾಗ, ಅವಳು ಹೇಳುತ್ತಿದ್ದುದು ನನಗೆ ತಿಳಿದಿತ್ತೇ? ತಿಳಿದಿತ್ತು ಅನಿಸುತ್ತದೆ. ಕೇಳಿಸದ ಮಾತು ತಿಳಿಯುವುದು ಹೇಗೆ ಎಂದೂ ಅನಿಸುತ್ತದೆ.

ಮಹಾನಂದಾಳ ಮಾತು ಎರಡು ವರ್ಷದ ನಂತರ ಕೂಡಿತು. ಯಾವುದೋ ಹಬ್ಬದ ಮಧ್ಯಾಹ್ನ, ಮನೆ ತುಂಬ ಜನರಿದ್ದರು, ಊಟಕ್ಕೆ ಯಮನಪ್ಪನೂ ಬಂದಿದ್ದ. ನೀರು ಬಡಿಸುತ್ತಿದ್ದ ಅವಳು ನನ್ನ ಕಡೆ ತಿರುಗಿ, “ಅಪ್ಪಾ, ನಿನಗೊಂದ ಮಾತು...” ಎಂದಳು, ದನಿ ಆಗಲೇ ಕೇಳಿತು. ಎಲ್ಲರೂ ಹೋ ಎಂದು ಕೂಗಿದರು. ಹತ್ತಿರವಿದ್ದ ಯಮನಪ್ಪ ಹಳೆಯ ರೂಢಿಯಂತೆ ಬೆಲ್ಲ ಹಿಡಿದು ಅವಳ ಬಾಯಿಯ ಕಡೆ ಕೈ ಚಾಚಿದ. ನಾನು ಎಂಜಲು ಕೈಯಲ್ಲಿಯೇ ಎದ್ದು ಅವನ ಮುಂಗೈ ಹಿಡಿದುಕೊಂಡೆ.

“ತಡಿ” ಎಂದೆ. “ಆಕಿ ಮದ್ಲ ಹೇಳಿ ಮುಗಸ್ಲಿ.”

ಮಹಾನಂದಾ ನನ್ನನ್ನು ನೋಡಿದಳು, ಅವನನ್ನು ನೋಡಿದಳು, ಏನು ಹೇಳಲು ಹೊರಟಿದ್ದಳೋ ಅದು ಮರೆತೇಹೋದವಳಂತೆ ಸುಮ್ಮನೆ ನಿಂತಳು. ಯಮನಪ್ಪನ ಬೆರಳುಗಳಲ್ಲಿ ಬೆಲ್ಲ ಕರಗುತ್ತಿತ್ತು. ನಾನು ಕೈ ಬಿಡಲಿಲ್ಲ.